ನೀಹಾರಿಕೆ ಟೆಲಿಸ್ಕೋಪಿನಲ್ಲಿ ಬೂದಿಬಣ್ಣಕ್ಕೆ ಕಾಣುವುದೇಕೆ?

ಪ್ರಶ್ನೆ: ಹೊಸದಾಗಿ 8 ಅಂಗುಲದ ಟೆಲಿಸ್ಕೋಪ್ ಕೊಂಡಿದ್ದೇನೆ. ಚಿತ್ರಗಳಲ್ಲಿ ಕೆಂಪಾಗಿ ಹೊಳೆಯುವ ಓರಿಯನ್ ನೀಹಾರಿಕೆ (ಬಾಹ್ಯಾಕಾಶದ ಅನಿಲ-ಧೂಳಿನ ಮೋಡ) ಅದರಲ್ಲಿ ಬೂದಿಬಣ್ಣದ ಮಸುಕಾಗಿ ಮಾತ್ರ ಕಾಣುತ್ತದೆ. ಉಪಕರಣದಲ್ಲಿ ದೋಷವಿದೆಯೇ?

ಉತ್ತರ: ದೋಷ ಉಪಕರಣದ್ದಲ್ಲ, ಮಿತಿ ನಮ್ಮ ಕಣ್ಣಿನದು. ಅಕ್ಷಿಪಟದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಕತ್ತಲಲ್ಲಿ ಅವು ಸೋತಾಗ ನೋಟದ ಹೊಣೆ ಹೊರುವ ದಂಡಕೋಶಗಳಿಗೆ ಬಣ್ಣಗಳ ಭೇದ ತಿಳಿಯದು. ಮುಸ್ಸಂಜೆ ಕಳೆದ ಮೇಲೆ ಹಿತ್ತಲಿನ ಕೆಂಪು ದಾಸವಾಳ ಕಪ್ಪಗೆ ಕಾಣುವುದೂ ಇದರಿಂದಲೇ. ನೀಹಾರಿಕೆಯ ಕೆಂಪಿಗೆ ಹೈಡ್ರೋಜನ್ ಅನಿಲ ಸೂಸುವ 656 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಾರಣ, ಅದಕ್ಕೆ ದಂಡಕೋಶಗಳು ಬಹುತೇಕ ಕುರುಡು.

ದೊಡ್ಡ ಕನ್ನಡಿ ಹೆಚ್ಚು ಬೆಳಕು ಹಿಡಿಯುತ್ತದಲ್ಲ ಎಂದು ನೀವು ಕೇಳಬಹುದು. ಹಿಡಿಯುವುದು ನಿಜ: ಕತ್ತಲಲ್ಲಿ 7 ಮಿಲಿಮೀಟರಿನಷ್ಟು ಅಗಲವಾಗುವ ಕಣ್ಣಪಾಪೆಗಿಂತ ನಿಮ್ಮ 8 ಅಂಗುಲದ, ಅಂದರೆ ಸುಮಾರು 200 ಮಿಲಿಮೀಟರಿನ ಕನ್ನಡಿ ಸುಮಾರು 800 ಪಟ್ಟು ಬೆಳಕನ್ನು ಕಲೆಹಾಕುತ್ತದೆ. ಆದರೆ ಆ ಬೆಳಕೆಲ್ಲ ಕಣ್ಣಪಾಪೆಯೊಳಗೆ ಹಿಡಿಸಬೇಕಾದರೆ ಕನಿಷ್ಠ 29 ಪಟ್ಟಾದರೂ ಹಿಗ್ಗಿಸಬೇಕು, ಆಗ ನೀಹಾರಿಕೆಯ ಬಿಂಬವೂ 800 ಪಟ್ಟು ವಿಸ್ತಾರಕ್ಕೆ ಹರಡಿಕೊಳ್ಳುತ್ತದೆ. ಒಂದು ಚಮಚ ತುಪ್ಪವನ್ನು ದೊಡ್ಡ ದೋಸೆಗೆ ಸವರಿದಂತೆ! ಹೀಗಾಗಿ ಯಾವ ಟೆಲಿಸ್ಕೋಪಿನಲ್ಲೂ ನೀಹಾರಿಕೆಯ ಮೇಲ್ಮೈ ಬರಿಗಣ್ಣಿಗೆ ಕಾಣುವುದಕ್ಕಿಂತ ಪ್ರಖರವಾಗದು. ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ನಕ್ಷತ್ರಗಳು ಮಾತ್ರ ಎಷ್ಟು ಹಿಗ್ಗಿಸಿದರೂ ಚುಕ್ಕಿಯಾಗಿಯೇ ಉಳಿಯುವುದರಿಂದ ಈ ನಷ್ಟ ಅವಕ್ಕಿಲ್ಲ. ನಮ್ಮ ರೈತರು ಮಳೆಗೆ ಹೆಸರಿಟ್ಟಿರುವ ಆರಿದ್ರಾ ನಕ್ಷತ್ರದ ಕಿತ್ತಳೆ ಛಾಯೆ ಬರಿಗಣ್ಣಿಗೂ ತೋರುತ್ತದೆ.

ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು. ಕಣ್ಣಿಗೆ ಆ ಉಳಿತಾಯದ ಅಭ್ಯಾಸವಿಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಚಂದ್ರನಿಲ್ಲದ ರಾತ್ರಿ, ಊರ ದೀಪಗಳಿಂದ ದೂರ ಹೋಗಿ, ಮೊಬೈಲ್ ಮುಟ್ಟದೆ ಅರ್ಧ ಗಂಟೆ ಕತ್ತಲಲ್ಲಿದ್ದು, ಕಡಿಮೆ ವರ್ಧನೆಯ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ನೋಡಿ. ದಂಡಕೋಶಗಳು ದೃಷ್ಟಿಯ ನಡುವಿನಲ್ಲಿಲ್ಲದೆ ಸುತ್ತಲೂ ದಟ್ಟವಾಗಿರುವುದರಿಂದ, ನೀಹಾರಿಕೆಯನ್ನು ನೆಟ್ಟಗೆ ದಿಟ್ಟಿಸದೆ ಅದರ ಪಕ್ಕಕ್ಕೆ ದೃಷ್ಟಿಯಿಟ್ಟರೆ ಎರಡೂ ಬದಿಗೆ ಚಾಚಿದ ರೆಕ್ಕೆಗಳು ಮೆಲ್ಲನೆ ಮೂಡುತ್ತವೆ. ನಡುವಿನ ಪ್ರಖರ ಭಾಗದಲ್ಲಿ, ಟ್ರಪೀಜಿಯಂ ಎಂಬ ನಾಲ್ಕು ನಕ್ಷತ್ರಗಳ ಸುತ್ತ, ಆಮ್ಲಜನಕ ಸೂಸುವ 501 ನ್ಯಾನೋಮೀಟರಿನ ಬೆಳಕಿನಿಂದಾಗಿ ಕೆಲವರಿಗೆ ತೆಳುಹಸಿರು ಕಂಡದ್ದುಂಟು. ಸುಮಾರು 1,300 ಜ್ಯೋತಿರ್ವರ್ಷ ದೂರದಿಂದ, ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು ಅದು.