ನಿಂತಲ್ಲೇ ಡೀಸೆಲ್ ಕುಡಿಯುವ ಇಂಜಿನ್: ಹೈಬ್ರಿಡ್ ಶಂಟರ್ ನಡೆದು ಬಂದ ದಾರಿ

ರೈಲ್ವೆ ಯಾರ್ಡ್‌ನಲ್ಲಿ ವ್ಯಾಗನ್‌ಗಳನ್ನು ಎಳೆದು, ತಳ್ಳಿ ಜೋಡಿಸುವ ಶಂಟಿಂಗ್ ಇಂಜಿನ್ ಹಗಲು ರಾತ್ರಿ ಗುಡುಗುಡು ಅನ್ನುತ್ತಿರುತ್ತದೆ. ಸದ್ದು ಕೇಳಿದರೆ ಬಿಡುವಿಲ್ಲದ ದುಡಿಮೆ ಅನ್ನಿಸುತ್ತದೆ. ಲೆಕ್ಕ ನೋಡಿದರೆ ಹಾಗಿಲ್ಲ. ಹೊಗೆ ಅಳೆಯಲು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಬಳಸುವ ಮಾದರಿಯಲ್ಲಿ ಶಂಟಿಂಗ್ ಇಂಜಿನ್ ಶೇ. 59.8ರಷ್ಟು ಹೊತ್ತು ಸುಮ್ನೆ ಐಡಲ್‌ನಲ್ಲಿರುತ್ತದೆ, ಅಂದರೆ ಎಳೆಯುವ ಕೆಲಸವಿಲ್ಲದೆ ನಿಂತಲ್ಲೇ ಉರಿಯುತ್ತಿರುತ್ತದೆ. ಪೂರ್ತಿ ಶಕ್ತಿ ಹಾಕುವುದು ಶೇ. 0.8ರಷ್ಟು ಹೊತ್ತು ಮಾತ್ರ.

ಆಫ್ ಮಾಡಿಟ್ಟರೆ ಆಯ್ತಲ್ವಾ? ಅಷ್ಟು ಸುಲಭವಿರಲಿಲ್ಲ. ಅಲ್ಲಿನ ಇಂಜಿನ್‌ಗಳನ್ನು ತಂಪಾಗಿಡಲು ಸಾಮಾನ್ಯವಾಗಿ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸದ ನೀರನ್ನೇ ಬಳಸುತ್ತಾರೆ. ಚಳಿಗಾಲದಲ್ಲಿ ಆಫ್ ಮಾಡಿದರೆ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕೇ ಒಡೆಯಬಹುದು. ಹಾಗಾಗಿ ಉರಿಯುತ್ತಿರಲಿ ಅಂತ ಬಿಡುವುದೇ ಅಭ್ಯಾಸವಾಯಿತು.

ಹೈಬ್ರಿಡ್‌ನ ತರ್ಕ ಹುಟ್ಟುವುದು ಇಲ್ಲೇ. ದೊಡ್ಡ ಶಕ್ತಿ ಬೇಕಾಗುವುದು ಕೆಲವೇ ಕ್ಷಣ, ಅದನ್ನು ಬ್ಯಾಟರಿ ಕೊಡಲಿ. ಚಿಕ್ಕ ಡೀಸೆಲ್ ಇಂಜಿನ್ ನಿಧಾನವಾಗಿ ಬ್ಯಾಟರಿ ತುಂಬುತ್ತಿರಲಿ. ಬ್ಯಾಟರಿಯ ತೂಕ ಕಾರಿಗೆ ಹೊರೆ, ಶಂಟರ್‌ಗೆ ಲಾಭ. ಗಾಲಿ ಜಾರದೆ ಹಳಿಯನ್ನು ಹಿಡಿಯಬೇಕಾದರೆ ಮೇಲೆ ಭಾರ ಇರಲೇಬೇಕು.

ಇದು ಹೊಸ ಯೋಚನೆಯೂ ಅಲ್ಲ. 1923ರಲ್ಲಿ ನ್ಯೂಯಾರ್ಕ್ ರಾಜ್ಯ ಕಾಫ್‌ಮನ್ ಕಾಯ್ದೆ ತಂದು, ನ್ಯೂಯಾರ್ಕ್ ನಗರದೊಳಗೆ ಉಗಿಬಂಡಿ ಓಡಿಸಬಾರದು ಅಂದಿತು. ಯಾರ್ಡ್‌ಗಳಿಗೆಲ್ಲ ಕರೆಂಟ್ ಎಳೆಯುವುದು ದುಬಾರಿ. ಆ ಇಕ್ಕಟ್ಟಿನಲ್ಲೇ 1925ರಲ್ಲಿ 300 ಅಶ್ವಶಕ್ತಿಯ ಡೀಸೆಲ್ ಶಂಟರ್ ಒಂದು ಆ ನಗರದ ಬ್ರಾಂಕ್ಸ್ ಭಾಗದಲ್ಲಿ ಕೆಲಸಕ್ಕೆ ಇಳಿಯಿತು. ಇವತ್ತು ಹೊಗೆಯ ವಿಷಯದಲ್ಲಿ ಬೈಸಿಕೊಳ್ಳುವ ಡೀಸೆಲ್, ಅಂದು ಹೊಗೆಗೆ ಪರಿಹಾರವಾಗಿ ಬಂದದ್ದು! 1930ರ ಹೊತ್ತಿಗೆ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆ ಇನ್ನೂ ಮುಂದೆ ಹೋಯಿತು. ಹಳಿಯ ಪಕ್ಕದ ಮೂರನೇ ಹಳಿಯಿಂದ ಬರುವ ಕರೆಂಟ್, ಬ್ಯಾಟರಿ, ಡೀಸೆಲ್ ಮೂರನ್ನೂ ಬಳಸುವ ಮೂವತ್ತಕ್ಕೂ ಹೆಚ್ಚು ಇಂಜಿನ್‌ಗಳನ್ನು ತರಿಸಿತು. ಆಮೇಲೆ ಬರೀ ಡೀಸೆಲ್ಲೇ ಅಗ್ಗವಾಗಿ, ನಂಬಿಕಸ್ಥವಾಗಿ ಬಂತು. ಬ್ಯಾಟರಿ ಯಾರಿಗೂ ಬೇಡವಾಯಿತು.

ಮತ್ತೆ ಅದರ ನೆನಪಾಗಲು ಸುಮಾರು 70 ವರ್ಷ ಹಿಡಿಯಿತು. ಕೆನಡಾದ ವ್ಯಾಂಕೂವರ್ ಕಡೆಯ ರೈಲ್‌ಪವರ್ ಕಂಪನಿ 2000ದ ದಶಕದ ಆರಂಭದಲ್ಲಿ 'ಗ್ರೀನ್ ಗೋಟ್' ಅನ್ನುವ ಹೈಬ್ರಿಡ್ ಶಂಟರ್ ತಂದಿತು. ಹಳೇ ಇಂಜಿನ್‌ನ ಚಾಸಿಯನ್ನೇ ತೆಗೆದುಕೊಂಡು, ಮೇಲೆ ಸಾಲುಸಾಲು ಲೆಡ್-ಆ್ಯಸಿಡ್ ಬ್ಯಾಟರಿ ಜೋಡಿಸಿ, ಸುಮಾರು 290 ಅಶ್ವಶಕ್ತಿಯ ಪುಟ್ಟ ಡೀಸೆಲ್ ಇಂಜಿನ್ ಕೂರಿಸಿದರು. ಬೇಕಾದಾಗ 2,000 ಅಶ್ವಶಕ್ತಿ ಸಿಗುತ್ತಿತ್ತು. ಕಾಲವೂ ಕೂಡಿಬಂದಿತ್ತು. 2004ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ರೋಸ್‌ವಿಲ್ ಯಾರ್ಡ್‌ನ ಅಧ್ಯಯನ ಹೊರತಂದು, ಅಲ್ಲಿಂದ ವರ್ಷಕ್ಕೆ ಸುಮಾರು 25 ಟನ್ ಡೀಸೆಲ್ ಮಸಿ ಗಾಳಿಗೆ ಸೇರುತ್ತಿದೆ, ಸುತ್ತಲಿನ ಮನೆಗಳವರಿಗೆ ಕ್ಯಾನ್ಸರ್ ಅಪಾಯ ಜಾಸ್ತಿ ಎಂದಿತು. ಮರುವರ್ಷ ಎರಡು ದೊಡ್ಡ ರೈಲ್ವೆಗಳು ಹೊಗೆ ತಗ್ಗಿಸಲು ಮಂಡಳಿಯೊಂದಿಗೆ ಒಪ್ಪಂದ ಮಾಡಿಕೊಂಡವು. ಅದೇ 2005ರಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲ್ವೆ 35 ಗ್ರೀನ್ ಗೋಟ್‌ಗಳಿಗೆ ಆರ್ಡರ್ ಕೊಟ್ಟಿತು.

ಆದರೆ ಬ್ಯಾಟರಿ ಕೈಕೊಟ್ಟಿತು. ಕೆಲವು ಇಂಜಿನ್‌ಗಳಲ್ಲಿ ಬೆಂಕಿ ಕಾಣಿಸಿಕೊಂಡು, ಕಂಪನಿ ಅವುಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. 2009ರಲ್ಲಿ ಕಂಪನಿಯೇ ದಿವಾಳಿಯ ಬಾಗಿಲು ತಟ್ಟಿತು. ನನ್ನ ಮಟ್ಟಿಗೆ ಸೋತದ್ದು ಹೈಬ್ರಿಡ್ ಅನ್ನುವ ಲೆಕ್ಕಾಚಾರವಲ್ಲ. ಪದೇ ಪದೇ ಜೋರಾಗಿ ಖಾಲಿ ಮಾಡಿ, ಅರೆಬರೆ ತುಂಬಿಸುವ ಯಾರ್ಡ್ ಕೆಲಸಕ್ಕೆ ಲೆಡ್-ಆ್ಯಸಿಡ್ ಹೇಳಿಮಾಡಿಸಿದ್ದಲ್ಲ.

ಅಷ್ಟರಲ್ಲಿ ಇನ್ನೊಂದು ಉಪಾಯ ಮಾರುಕಟ್ಟೆ ಹಿಡಿದಿತ್ತು. ಒಂದೇ ದೈತ್ಯ ಇಂಜಿನ್ ಬದಲು ಲಾರಿ ಗಾತ್ರದ ಎರಡು ಮೂರು ಇಂಜಿನ್ ಇಡುವುದು, ಬೇಕಾದಷ್ಟನ್ನೇ ಚಾಲೂ ಮಾಡುವುದು. ಇದಕ್ಕೆ ಜೆನ್‌ಸೆಟ್ ಶಂಟರ್ ಅನ್ನುತ್ತಾರೆ. ಹೊತ್ತು ನೋಡಿ ತಾನೇ ಆಫ್-ಆನ್ ಆಗುವ ಸಾಧನವನ್ನು ಹಳೇ ಇಂಜಿನ್‌ಗಳಿಗೂ ಹಾಕಬಹುದಿತ್ತು. ಇಷ್ಟು ಅಗ್ಗದ ದಾರಿ ಇರುವಾಗ ಬೆಂಕಿಯ ಕುಖ್ಯಾತಿ ಹೊತ್ತ ಬ್ಯಾಟರಿಗೆ ಯಾರು ದುಡ್ಡು ಹಾಕುತ್ತಾರೆ?

ಜಪಾನ್ ಹಾಕಿತು. 2010ರಲ್ಲಿ ಅಲ್ಲಿನ ಸರಕು ರೈಲು ಕಂಪನಿ ಜೆಆರ್ ಫ್ರೈಟ್‌ಗಾಗಿ ತೋಷಿಬಾ ಎಚ್‌ಡಿ300 ಮಾದರಿ ತಯಾರಿಸಿತು. ಇದರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ. ಹಳೇ ಡಿಇ10 ಡೀಸೆಲ್ ಶಂಟರ್‌ಗಳ ಜಾಗಕ್ಕೆ ಇವು ಒಂದೊಂದಾಗಿ ಬಂದವು. ಯುರೋಪ್‌ನಲ್ಲಿ ಆಲ್‌ಸ್ಟಮ್ ಕಂಪನಿಯ ಎಚ್3 ಹೈಬ್ರಿಡ್ ಜರ್ಮನಿಯ ಕಾರ್ಖಾನೆ ಯಾರ್ಡ್‌ಗಳಿಗೆ ಇಳಿಯಿತು.

ನಮ್ಮಲ್ಲಿ ಪ್ರಶ್ನೆ ಸ್ವಲ್ಪ ಬೇರೆ. ಬ್ರಾಡ್‌ಗೇಜ್ ಹಳಿಗಳು ಬಹುಪಾಲು ವಿದ್ಯುದೀಕರಣಗೊಂಡಿವೆ. ಆದರೆ ಕ್ರೇನ್, ಲೋಡರ್ ಬಳಸಿ ಸರಕು ತುಂಬುವ ಗೂಡ್ಸ್ ಶೆಡ್ ಸಾಲಿನ ಮೇಲೆ 25,000 ವೋಲ್ಟ್ ತಂತಿ ಅಪಾಯ. ಆ ಕೊನೆಯ ತುಂಡಿಗಾಗಿ ಡೀಸೆಲ್ ಇಂಜಿನ್ ಸಾಕಬೇಕು. 2020ರಲ್ಲಿ ಜಬಲ್ಪುರ ರೈಲ್ವೆ ವಿಭಾಗ ತಯಾರಿಸಿದ 'ನವದೂತ್' ಇದಕ್ಕೊಂದು ಉತ್ತರ. ತಂತಿ ಇದ್ದಲ್ಲಿ ಅದರಿಂದ, ಇಲ್ಲದಲ್ಲಿ ಬ್ಯಾಟರಿಯಿಂದ ಓಡುವ ಶಂಟಿಂಗ್ ಇಂಜಿನ್ ಇದು. ಡೀಸೆಲ್ ಒಂದು ಬಿಟ್ಟರೆ, 1930ರ ನ್ಯೂಯಾರ್ಕ್‌ನವರು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ.