ತಾನಾಗಿ ಹುಟ್ಟಿದ ಹೊನ್ನೆಗೆ ಲೆಕ್ಕವಿಲ್ಲ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಸಲಹೆ ಕೊಡಲು ಹೋದಾಗ ನಾನು ಮೊದಲು ಬಗ್ಗಿ ಗಿಡಗಳ ಬುಡ ನೋಡುತ್ತೇನೆ. ಹೊನ್ನೆ, ನಂದಿ, ಮತ್ತಿಯಂಥ ಕಾಡು ಮರಗಳ ಸಸಿಗಳು ತಾವಾಗಿಯೇ ತಲೆಯೆತ್ತಿರುತ್ತವೆ. ಕಳೆ ಹೊಡೆದ ಮೇಲೆ ಹೋದರೆ ಒಂದೂ ಇರುವುದಿಲ್ಲ.

"ನಾಲ್ಕನ್ನಾದರೂ ಉಳಿಸಬಾರದಿತ್ತೇ?" ಎಂದು ಹಿರಿಯ ಬೆಳೆಗಾರರೊಬ್ಬರನ್ನು ಕೇಳಿದೆ.

"ಹೊನ್ನೆ ಬೆಳೆಸಿದರೆ ನಾಳೆ ಕಡಿಯಲು ಎಷ್ಟು ಅಲೆಯಬೇಕು ಹೇಳಿ. ಸಿಲ್ವರ್ ಓಕ್ ಆದರೆ ಆ ಚಿಂತೆಯಿಲ್ಲ" ಎಂದರು.

ಅವರ ಮಾತು ಸರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಕಷ್ಟಕಾಲಕ್ಕೆ ಮಾರಬಹುದು. ಕಾಡು ಮರಗಳನ್ನು ಉಳಿಸಲು ಬಂದ ಕಾಯ್ದೆಯೇ ಅವುಗಳ ಸಸಿಗಳಿಗೆ ಕತ್ತಿಯಾದದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊನ್ನೆ ದ್ವಿದಳ ಜಾತಿಯ ಮರ, ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಅದನ್ನು ಸವರಿ ಹಾಕಿ ಯೂರಿಯಾ ಮೂಟೆ ಹೊರುತ್ತಿದ್ದೇವೆ.

2014ರ ಫೆಬ್ರವರಿಯಲ್ಲಿ ಭಾರತ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ತಂದಿತು. ಕೃಷಿ ಅರಣ್ಯವೆಂದರೆ ಜಮೀನಿನಲ್ಲಿ ಬೆಳೆಯ ಜೊತೆಗೇ ಮರವನ್ನೂ ಬೆಳೆಸುವುದು. ಇಂಥ ನೀತಿ ತಂದ ಮೊದಲ ದೇಶ ನಮ್ಮದು. ಕಟಾವು ಮತ್ತು ಸಾಗಣೆಯ ನಿರ್ಬಂಧಗಳೇ ರೈತನಿಗೆ ತೊಡಕು ಎಂದು ಆ ನೀತಿ ಒಪ್ಪಿಕೊಂಡಿದೆ. ಆದರೂ ಹಣ ಹರಿದದ್ದು ಹೆಚ್ಚಾಗಿ ನೆಡುವ ಕಡೆಗೆ. ನಮ್ಮ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನರ್ಸರಿಯಿಂದ ತಂದು ನೆಟ್ಟ ಸಸಿ ಬದುಕಿದರೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಕಡೂರು, ಅರಸೀಕೆರೆಯ ಒಣಭೂಮಿಯ ಬದುಗಳಿಗೆ ಇದು ಒಳ್ಳೆಯದೇ. ಹೆಬ್ಬೇವು, ತೇಗ ನೆಡುವವರಿಗೆ ನಾನೇ ಅರ್ಜಿ ಬರೆಸಿದ್ದೇನೆ. ಮಲೆನಾಡಿನಲ್ಲಿ ನೆಡುವ ಅಗತ್ಯವೇ ಕಡಿಮೆ, ಹುಟ್ಟಿದ್ದನ್ನು ಬಿಟ್ಟರೆ ಸಾಕು. ಬಿಟ್ಟವನಿಗೆ ಬಿಡಿಗಾಸಿಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೃಷಿ ಜಮೀನಿನ ಮರ ಕಟಾವಿಗೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳುಹಿಸಿತು. ಮರಗಳನ್ನು ಮೊದಲೇ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಮುಂದೆ ಕಡಿಯುವ ಅನುಮತಿ ಸುಲಭವಾಗಬೇಕು ಎಂಬುದು ಆಶಯ. ನೋಂದಣಿಗೆ ಜಾತಿ, ಸಂಖ್ಯೆಯ ಜೊತೆ ನೆಟ್ಟ ತಿಂಗಳು, ವರ್ಷವನ್ನೂ ಕೇಳುತ್ತಾರೆ. ಹಕ್ಕಿ ಹಾಕಿದ, ಗಾಳಿ ತಂದ ಬೀಜಕ್ಕೆ ಯಾವ ತಾರೀಖು ಬರೆಯೋಣ? ನಮ್ಮ ರಾಜ್ಯ ಈ ನಿಯಮವನ್ನು ಅಳವಡಿಸಿಕೊಳ್ಳುವಾಗ "ತಾನಾಗಿ ಹುಟ್ಟಿದ್ದು, ರೈತ ಉಳಿಸಿದ್ದು" ಎಂಬ ಒಂದು ಕಲಂ ಸೇರಿಸಲಿ, ಪ್ರೋತ್ಸಾಹಧನವನ್ನು ಅದಕ್ಕೂ ಕೊಡಲಿ.

ಆ ಹಿರಿಯರು ಈ ಸಲ ಹನ್ನೆರಡು ಹೊನ್ನೆ ಸಸಿಗಳ ಪಕ್ಕ ಗೂಟ ನೆಡಿಸಿದ್ದಾರೆ. ಕಳೆ ಹೊಡೆಯುವವರ ಕಣ್ಣಿಗೆ ಬೀಳಲೆಂದು ತುದಿಗೆ ಸುಣ್ಣ ಬಳಿಸಿದ್ದಾರೆ.