ಸಬ್ಬಕ್ಕಿ ಸಂಡಿಗೆಯೂ ಪಿಷ್ಟದ ಪ್ಯಾಕಿಂಗ್ ಹಾಳೆಯೂ

ಬೇಸಿಗೆಯಲ್ಲಿ ತಾರಸಿ ಮೇಲೆ ಸಬ್ಬಕ್ಕಿ ಸಂಡಿಗೆ ಹಾಕುವುದನ್ನು ನೋಡಿರುತ್ತೀರಿ. ಸಬ್ಬಕ್ಕಿಯನ್ನು ಗಂಜಿಯ ಹಾಗೆ ಬೇಯಿಸಿ, ಹಾಳೆಯ ಮೇಲೆ ಸೌಟಿನಲ್ಲಿ ಹುಯ್ದು, ಬಿಸಿಲಿಗೆ ಬಿಡುತ್ತಾರೆ. ಒಣಗಿದ ಮೇಲೆ ತಾನಾಗಿ ಎದ್ದು ಬರುತ್ತದೆ. ಲ್ಯಾಬ್‌ನಲ್ಲಿ ಪ್ಯಾಕಿಂಗ್‌ಗೆ ಪಿಷ್ಟದ ಫಿಲ್ಮ್, ಅಂದರೆ ತೆಳ್ಳನೆಯ ಹಾಳೆ, ಮಾಡುವ 'ಕಾಸ್ಟಿಂಗ್' ವಿಧಾನವೂ ಇದೇ. ಈ ಚಿತ್ರ ತಲೆಯಲ್ಲಿದ್ದರೆ ಪಾಠ ಅರ್ಧ ಮುಗಿದ ಹಾಗೆ.

ಸಬ್ಬಕ್ಕಿ ಅಂದರೆ ಮರಗೆಣಸಿನ ಪಿಷ್ಟ. ಅದರಲ್ಲಿ ಗ್ಲೂಕೋಸ್‌ನ ಎರಡು ಬಗೆಯ ಸರಪಳಿಗಳಿವೆ. ಅಮೈಲೋಸ್ ಹೆಚ್ಚುಕಡಿಮೆ ನೇರ, ಅಮೈಲೋಪೆಕ್ಟಿನ್ ಕವಲು ಕವಲು. ನೀರಲ್ಲಿ ಕದಡಿ ಕಾಯಿಸಿದರೆ 60–70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪಿಷ್ಟದ ಕಣಗಳು ಉಬ್ಬಿ ಒಡೆಯುತ್ತವೆ. ಹಾಲಿನಂತಿದ್ದದ್ದು ಅಂಟಂಟಾಗಿ ತಿಳಿಯಾಗುತ್ತದೆ. ಒಣಗುತ್ತಾ ಹೋದಂತೆ ಸರಪಳಿಗಳ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಹೈಡ್ರೋಜನ್ ಜೋಡಿಗಳು) ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಾಳೆ ಗಟ್ಟಿಯಾಗುವುದು ಇದರಿಂದಲೇ.

ಆದರೆ ಸಂಡಿಗೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ, ಅಲ್ವಾ? ಅದಕ್ಕೇ ಗ್ಲಿಸರಿನ್ ಬೇಕು. ಅದು ಸರಪಳಿಗಳ ನಡುವೆ ನುಸುಳಿ ಅವು ಸ್ವಲ್ಪ ಜಾರಾಡಲು ಜಾಗ ಮಾಡಿಕೊಡುತ್ತದೆ. ನಾನು ಮನೆಯಲ್ಲಿ 100 ಮಿಲಿ ನೀರಿಗೆ 5 ಗ್ರಾಂ ಪಿಷ್ಟ, 1.5 ಗ್ರಾಂ ಗ್ಲಿಸರಿನ್ ಹಾಕಿ ಕಾಯಿಸಿ, ತಟ್ಟೆಗೆ ಸುರಿದು ಒಣಗಿಸಿದೆ. ಗ್ಲಿಸರಿನ್ ಇಲ್ಲದ ಹಾಳೆ ಅಂಚಿನಿಂದಲೇ ಸೀಳಿತು. ಇದ್ದದ್ದು ಬೆರಳಿಗೆ ಸುತ್ತಿದರೂ ಮುರಿಯಲಿಲ್ಲ. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತಲ್ಲೇ ಆ ಜಾಗ ಉಬ್ಬಿ ಮೆತ್ತಗಾಯಿತು, ಒತ್ತಿದರೆ ಬೆರಳು ಆಚೆ ಹೋಯಿತು.

ಈ ವಿಷಯದ ತಿರುಳೇ ಆ ಹನಿ. ಹಾಳೆಯನ್ನು ಹಿಡಿದಿಟ್ಟ ಹೈಡ್ರಾಕ್ಸಿಲ್ ಗುಂಪುಗಳೇ ನೀರನ್ನೂ ಎಳೆದುಕೊಳ್ಳುತ್ತವೆ. ಒಣಗಿದ್ದಾಗ ಆಮ್ಲಜನಕವನ್ನು ಚೆನ್ನಾಗಿ ತಡೆಯುವ ಹಾಳೆ, ತೇವದ ಗಾಳಿಯಲ್ಲಿ ಆ ಗುಣ ಕಳೆದುಕೊಳ್ಳುತ್ತದೆ. ಮಣ್ಣಲ್ಲಿ ಸೂಕ್ಷ್ಮಜೀವಿಗಳ ಅಮೈಲೇಸ್ ಕಿಣ್ವ ಸುಲಭವಾಗಿ ಸರಪಳಿ ಕತ್ತರಿಸುವುದೂ ನೀರು ಒಳಗೆ ಹೋಗುವುದರಿಂದಲೇ. ಬಲ, ದೌರ್ಬಲ್ಯ ಎರಡಕ್ಕೂ ಕಾರಣ ಒಂದೇ. ಪರೀಕ್ಷೆಯಲ್ಲಿ ಅನುಕೂಲ, ಅನಾನುಕೂಲ ಅಂತ ಬೇರೆ ಬೇರೆ ಪಟ್ಟಿ ಬರೆಯುವ ಬದಲು ಇದನ್ನೇ ಬಿಡಿಸಿ ಬರೆಯಿರಿ.

ಇದು ಹೊಸ ತಲೆನೋವೂ ಅಲ್ಲ. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 1908ರ ಸುಮಾರಿಗೆ ಗಿಡಗಳ ನಾರಿನಲ್ಲಿರುವ ಸೆಲ್ಯುಲೋಸ್‌ನಿಂದ ಸೆಲ್ಲೋಫೇನ್ ಎಂಬ ಪಾರದರ್ಶಕ ಹಾಳೆ ಮಾಡಿದರು. ಅದು ನೀರಲ್ಲಿ ಕರಗುತ್ತಿರಲಿಲ್ಲ, ಆದರೆ ನೀರಾವಿಯನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡ್ಯುಪಾಂಟ್‌ನ ವಿಲಿಯಂ ಹೇಲ್ ಚಾರ್ಚ್ ಅದಕ್ಕೆ ತೆಳ್ಳನೆಯ ಲೇಪನ ಕೊಟ್ಟರು. ಆಮೇಲೆಯೇ ಅದು ಆಹಾರದ ಪ್ಯಾಕಿಂಗ್‌ಗೆ ಜೋರಾಗಿ ಬಳಕೆಗೆ ಬಂತು. ಇವತ್ತು ಪಿಷ್ಟದ ಹಾಳೆಗೆ ಜೇನುಮೇಣ ಬೆರೆಸುವುದು, ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್‌ನ ಹಾಳೆಯನ್ನು ಕ್ಯಾಲ್ಸಿಯಂ ದ್ರಾವಣದಲ್ಲಿ ಅದ್ದುವುದು, ಎಲ್ಲವೂ ನೀರಿನ ಜೊತೆಗಿನ ಇದೇ ಗುದ್ದಾಟ.

ಒಂದು ಕಡೆ ಮಾತ್ರ ಜಾಸ್ತಿ ಜನ ಎಡವುತ್ತಾರೆ. ಪಿಎಲ್ಎ (ಪಾಲಿಲ್ಯಾಕ್ಟಿಕ್ ಆಮ್ಲ) ಎಂಬ ಪ್ಲಾಸ್ಟಿಕ್ಕನ್ನೂ ಪಿಷ್ಟದ ಹಾಳೆ ಅಂದುಕೊಳ್ಳುತ್ತಾರೆ. ಅದು ಕೂಡ ಮೆಕ್ಕೆಜೋಳದ ಪಿಷ್ಟದಿಂದ ಶುರುವಾಗುತ್ತದೆ, ನಿಜ. ಆದರೆ ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಲ್ಯಾಕ್ಟಿಕ್ ಆಮ್ಲವಾಗಿ, ಕೊನೆಗೆ ಸಿಗುವುದು ಪಾಲಿಎಸ್ಟರ್, ಪಿಷ್ಟದಂಥ ಸಕ್ಕರೆಯ ಸರಪಳಿ (ಪಾಲಿಸ್ಯಾಕರೈಡ್) ಅಲ್ಲ. ಅದು ಬೇಗ ಕೊಳೆಯಲು 60 ಡಿಗ್ರಿಯ ಆಸುಪಾಸಿನ ಶಾಖವಿರುವ ದೊಡ್ಡ ಕಾಂಪೋಸ್ಟ್ ಘಟಕವೇ ಬೇಕು, ಹಿತ್ತಲ ಗುಂಡಿ ಸಾಲದು.